‘ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ’: ಅಮೆರಿಕದ ಫ್ರಾಟರ್ನಿಟಿ, ಸೊರೊರಿಟಿಗಳಲ್ಲಿ ಕಿವುಡ ವಿದ್ಯಾರ್ಥಿಗಳು

ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ ಏನೋ ಹೇಳುತ್ತಾರೆ, ಎಲ್ಲರೂ ಗೊಳ್ಳೆಂದು ನಗುತ್ತಾರೆ. ಕಿವಿ ಕೇಳದ ಹುಡುಗಿಯೊಬ್ಬಳು ಪಕ್ಕದವಳ ತೋಳು ತಟ್ಟಿ ‘ಏನಂತೆ?’ ಎನ್ನುತ್ತಾಳೆ. ‘ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ’ ಎಂಬ ಉತ್ತರ ಬರುತ್ತದೆ. ಆ ‘ಆಮೇಲೆ’ ಎಂದೂ ಬರುವುದಿಲ್ಲ. ಹೇಳಿದವಳದು ಕೆಟ್ಟ ಮನಸ್ಸಲ್ಲ. ಆದರೆ ದಿನಕ್ಕೆ ಹತ್ತು ಸಲ ಈ ಮಾತು ಕೇಳಿಸಿಕೊಂಡು ಬೆಳೆದವರಿಗೆ ಅದೊಂದು ಮುಚ್ಚಿದ ಬಾಗಿಲು. ಅಮೆರಿಕದ ಕಿವುಡ ಸಮುದಾಯ ಈ ಅನುಭವಕ್ಕೆ ‘ಡಿನ್ನರ್ ಟೇಬಲ್ ಸಿಂಡ್ರೋಮ್’ ಎಂದು ಹೆಸರಿಟ್ಟಿದೆ. ಮನೆಯವರೆಲ್ಲ ಮಾತಾಡುವ ಊಟದ ಮೇಜಿನಲ್ಲಿ ಒಬ್ಬರೇ ಸುಮ್ಮನೆ ಕೂತು ಉಣ್ಣುವ ಸ್ಥಿತಿ ಅದು. ಅಲ್ಲಿನ ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗೆ ಹುಟ್ಟಿದವರು. ಹಾಗಾಗಿ ಬಹುಪಾಲು ಮಕ್ಕಳಿಗೆ ಈ ಮೇಜು ಚೆನ್ನಾಗಿಯೇ ಗೊತ್ತು.

ಕಾಲೇಜಿಗೆ ಹೋದಾಗ ಅದಕ್ಕಿಂತ ದೊಡ್ಡ ಮೇಜೊಂದು ಎದುರಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸಂಘಗಳಿವೆ: ಹುಡುಗರದು ಫ್ರಾಟರ್ನಿಟಿ, ಹುಡುಗಿಯರದು ಸೊರೊರಿಟಿ. ಗ್ರೀಕ್ ಅಕ್ಷರದ ಮೊದಲ ಸಂಘ ಫೈ ಬೀಟಾ ಕಪ್ಪ 1776ರಷ್ಟು ಹಳೆಯದು. ಇಂದಿನ ಸಾಮಾಜಿಕ ಫ್ರಾಟರ್ನಿಟಿಗಳ ರೂಪ ಮೂಡಿದ್ದು 1825ರಲ್ಲಿ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಕಪ್ಪ ಆಲ್ಫಾ ಸೊಸೈಟಿಯಿಂದ. ಇಂಥದ್ದು ನಮ್ಮಲ್ಲಿಲ್ಲ. ಹಾಸ್ಟೆಲ್ಲಿನ ಗೆಳೆತನ, ಹಳೆಯ ವಿದ್ಯಾರ್ಥಿಗಳ ಸಂಘ, ಸಮುದಾಯದ ವಿದ್ಯಾರ್ಥಿನಿಲಯ ಮೂರನ್ನೂ ಕಲಸಿ, ಮೇಲೆ ಒಂದಿಷ್ಟು ಗುಟ್ಟಿನ ದೀಕ್ಷಾ ವಿಧಿ ಸೇರಿಸಿದರೆ ಹತ್ತಿರ ಹತ್ತಿರ ಬರಬಹುದು. ಒಳಗೆ ಸೇರಿದವರು ಒಬ್ಬರನ್ನೊಬ್ಬರು ಅಣ್ಣತಮ್ಮ, ಅಕ್ಕತಂಗಿ ಎಂದೇ ಕರೆದುಕೊಳ್ಳುತ್ತಾರೆ. ಮೊದಲ ಕೆಲಸಕ್ಕೆ ಶಿಫಾರಸು, ಬಾಡಿಗೆ ಮನೆಗೆ ಜೊತೆಗಾರರು, ಎಷ್ಟೋ ಸಲ ಬಾಳಸಂಗಾತಿಯೂ ಸಿಗುವುದು ಈ ಮನೆಗಳಿಂದಲೇ. ‘ಪಾರ್ಟಿ ಮಾಡುವ ಹುಡುಗರ ಕ್ಲಬ್’ ಎಂದು ತಳ್ಳಿಹಾಕಿದರೆ ಅಲ್ಲಿ ಏನು ಹಂಚಿಕೆಯಾಗುತ್ತಿದೆ ಎಂಬುದು ಕಾಣುವುದಿಲ್ಲ.

ಸೇರುವ ದಾರಿಯೇ ಮೊದಲ ಅಡ್ಡಿ. ಸೊರೊರಿಟಿಗಳ ಆಯ್ಕೆಯ ವಾರಕ್ಕೆ ‘ರಷ್’ ಎನ್ನುತ್ತಾರೆ. ಬಾಗಿಲು ತೆರೆಯುತ್ತಿದ್ದಂತೆ ಒಳಗಿನ ಹುಡುಗಿಯರೆಲ್ಲ ಒಟ್ಟಾಗಿ ಚಪ್ಪಾಳೆ ತಟ್ಟುತ್ತ, ಕೂಗುತ್ತ, ಹಾಡುತ್ತ ಬರಮಾಡಿಕೊಳ್ಳುತ್ತಾರೆ. ಆಮೇಲೆ ಒಂದೇ ಕೋಣೆಯಲ್ಲಿ ಹತ್ತಾರು ಜೋಡಿಗಳು ಏಕಕಾಲಕ್ಕೆ ಮಾತಿಗೆ ನಿಲ್ಲುತ್ತವೆ. ಕೆಲವೇ ನಿಮಿಷಕ್ಕೆ ಎದುರಿನವರು ಬದಲಾಗುತ್ತಾರೆ. ದಿನಕ್ಕೆ ಹಲವು ಮನೆ. ಸಂಜೆ ಒಳಗಿನವರು ಕೂತು ‘ಇವಳು ನಮ್ಮವಳಾಗಬಲ್ಲಳೇ’ ಎಂದು ತೀರ್ಮಾನಿಸುತ್ತಾರೆ. ಮಾತು ಹರಿಯಿತೇ, ನಗು ಸರಿಯಾದ ಕ್ಷಣಕ್ಕೆ ಬಂತೇ ಎನ್ನುವುದೇ ಅಲ್ಲಿ ಅಳತೆಗೋಲು.

ಹಿಯರಿಂಗ್ ಏಡ್ ಹಾಕಿಕೊಂಡ ಹುಡುಗಿಗೆ ಆ ಕೋಣೆ ಹೇಗಿರುತ್ತದೆ? ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ. ಆದರೆ ಬೇಕಾದ ದನಿಯನ್ನು ಬೇಡದ ಗದ್ದಲದಿಂದ ಬಿಡಿಸಿ ಕೊಡುವುದರಲ್ಲಿ ಅದು ಇಂದಿಗೂ ಸೋಲುತ್ತದೆ. ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿಸಿಕೊಂಡವರಿಗೂ ನಿಶ್ಶಬ್ದ ಕೋಣೆಯಲ್ಲಿ ಸಿಗುವ ಸ್ಪಷ್ಟತೆ ಜನಜಂಗುಳಿಯಲ್ಲಿ ಕುಸಿಯುತ್ತದೆ. ಇನ್ನು ತುಟಿ ಓದುವುದು. ಇಂಗ್ಲಿಷಿನ ಧ್ವನಿಗಳಲ್ಲಿ ಮೂರರಲ್ಲೊಂದು ಪಾಲು ಮಾತ್ರ ತುಟಿಯ ಮೇಲೆ ಗುರುತು ಸಿಗುವಂತೆ ಕಾಣುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಉಳಿದದ್ದೆಲ್ಲ ಊಹೆ. ನಮ್ಮಲ್ಲೂ ‘ಪ’, ‘ಬ’, ‘ಮ’ ಮೂರನ್ನೂ ಕನ್ನಡಿಯ ಮುಂದೆ ದನಿಯಿಲ್ಲದೆ ಉಚ್ಚರಿಸಿ ನೋಡಿ. ತುಟಿಗಳು ಮೂರು ಸಲವೂ ಒಂದೇ ತರ ಮುಚ್ಚಿ ತೆರೆಯುತ್ತವೆ. ಹೀಗೆ ಊಹಿಸುತ್ತ, ನಗುತ್ತ, ತಲೆಯಾಡಿಸುತ್ತ ಐದು ಮನೆ ಮುಗಿಸುವಷ್ಟರಲ್ಲಿ ಆ ಹುಡುಗಿ ದಣಿದು ಹೋಗಿರುತ್ತಾಳೆ. ತಡವಾಗಿ ನಕ್ಕದ್ದನ್ನು ಒಳಗಿನವರು ‘ಬಿಗುಮಾನ’ ಎಂದೋ ‘ಆಸಕ್ತಿ ಇಲ್ಲ’ ಎಂದೋ ಓದಿಕೊಂಡಿರುತ್ತಾರೆ. ತಾರತಮ್ಯ ಮಾಡಿದೆವು ಎಂದು ಅವರಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಇದನ್ನು ಹಿಡಿಯುವುದು ಕಷ್ಟವಾಗುವುದು ಅದಕ್ಕೇ.

ಇಲ್ಲಿ ಪದದ ಬಗ್ಗೆ ಒಂದು ಮಾತು. ಕನ್ನಡದ ಪತ್ರಿಕೆಗಳಲ್ಲಿ ‘ಕಿವುಡ’ ಎನ್ನಲು ಹಿಂಜರಿದು ‘ಶ್ರವಣದೋಷವುಳ್ಳವರು’ ಎಂದು ಬರೆಯುವ ರೂಢಿಯಿದೆ. ಸನ್ನೆ ಭಾಷೆಯನ್ನೇ ತಾಯ್ನುಡಿಯಂತೆ ಆಡುವ ಅಮೆರಿಕದ ಸಮುದಾಯ ‘ದೋಷ’ ಎಂಬ ಅರ್ಥದ ಪದವನ್ನೇ ಒಪ್ಪುವುದಿಲ್ಲ. ‘ಕಿವುಡರು’ ಎಂದೇ ಎದೆಯೆತ್ತಿ ಹೇಳಿಕೊಳ್ಳುತ್ತದೆ. ಸ್ವಲ್ಪ ಕೇಳಿಸುವ, ಮಾತಿನಲ್ಲೇ ಬೆಳೆದ ಕೆಲವರು ಬೇರೆ ಪದ ಬಳಸುತ್ತಾರೆ. ನಾನು ಇಲ್ಲಿ ‘ಕಿವುಡ’ ಎಂದೇ ಬರೆಯುತ್ತಿದ್ದೇನೆ, ಗೌರವದಿಂದ.

ಕಾನೂನು ಏನು ಹೇಳುತ್ತದೆ? 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. 1990ರಲ್ಲಿ ಎಡಿಎ, ಅಂದರೆ ಅಂಗವಿಕಲ ಅಮೆರಿಕನ್ನರ ಹಕ್ಕುಗಳ ಕಾಯ್ದೆ ಬಂದು ಈ ಹಕ್ಕನ್ನು ಖಾಸಗಿ ವಲಯಕ್ಕೂ ಹಿಗ್ಗಿಸಿತು. ಇವೆರಡರ ಬಲದಿಂದ ಇಂದು ತರಗತಿಗೆ ಸನ್ನೆ ಭಾಷೆಯ ದುಭಾಷಿ ಬರುತ್ತಾರೆ, ಇಲ್ಲವೇ ಉಪನ್ಯಾಸವನ್ನು ಆಗಿಂದಾಗ್ಗೆ ಬೆರಳಚ್ಚಿಸಿ ಪರದೆಯ ಮೇಲೆ ತೋರಿಸುವವರು ಬರುತ್ತಾರೆ. ವೆಚ್ಚ ವಿಶ್ವವಿದ್ಯಾಲಯದ್ದು.

ತರಗತಿ ಮುಗಿದ ಮೇಲೆ, ಸಂಘದ ಸಭೆಗೆ ದುಭಾಷಿ ಬೇಕೆಂದಾಗ, ಮೂರು ಕವಲು. ‘ವೈಯಕ್ತಿಕ ಸ್ವರೂಪದ ಸೇವೆ ನಮ್ಮ ಹೊಣೆಯಲ್ಲ’ ಎಂದು ವಿಶ್ವವಿದ್ಯಾಲಯ ಹೇಳಬಹುದು. 504ರ ನಿಯಮಾವಳಿಯಲ್ಲಿ ಆ ಮಾತಿಗೆ ಜಾಗವಿದೆ. ‘ನಾವು ಖಾಸಗಿ ಕ್ಲಬ್’ ಎಂದು ಫ್ರಾಟರ್ನಿಟಿ ಹೇಳಬಹುದು. ಖಾಸಗಿ ಕ್ಲಬ್‌ಗಳಿಗೆ ಎಡಿಎ ವಿನಾಯಿತಿ ಕೊಟ್ಟಿದೆ. ಮೂರನೆಯದಾಗಿ ರಾಷ್ಟ್ರೀಯ ಕೇಂದ್ರ ಕಚೇರಿ ‘ಅದು ಸ್ಥಳೀಯ ಶಾಖೆಯ ಬಜೆಟ್ಟಿನ ವಿಷಯ’ ಎನ್ನಬಹುದು. ಕಡತ ಈ ಮೂವರ ನಡುವೆ ಓಡಾಡುತ್ತಿರುವಾಗ ಸೆಮಿಸ್ಟರ್ ಮುಗಿದಿರುತ್ತದೆ.

ಆದರೆ ಅದೇ 504ರ ನಿಯಮಾವಳಿಯಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಉಪನಿಯಮವಿದೆ. ಅದರ ಸಂಖ್ಯೆ 104.47, ಉಪವಿಭಾಗ ಸಿ. ಫ್ರಾಟರ್ನಿಟಿ, ಸೊರೊರಿಟಿಗಳಿಗೆ ಗಣನೀಯ ನೆರವು ಕೊಡುವ ಕಾಲೇಜು, ಅವುಗಳ ಸದಸ್ಯತ್ವದ ಪದ್ಧತಿಗಳಲ್ಲಿ ತಾರತಮ್ಯ ಇಲ್ಲದಂತೆ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಈ ಸಂಘಗಳನ್ನು ಹೆಸರಿಟ್ಟೇ ಹೇಳಿದ ನಿಯಮ ಅದು. ಕ್ಯಾಂಪಸ್ಸಿನ ಜಾಗ ಗುತ್ತಿಗೆಗೆ ಕೊಡುವುದು, ಸಿಬ್ಬಂದಿಯನ್ನು ಸಲಹೆಗಾರರಾಗಿ ನೇಮಿಸುವುದು, ಸಭಾಂಗಣ ಬಿಟ್ಟುಕೊಡುವುದು, ಆಯ್ಕೆಯ ವಾರವನ್ನು ತನ್ನದೇ ಕಚೇರಿಯ ಮೂಲಕ ನಡೆಸುವುದು ಇವೆಲ್ಲ ನೆರವು ಅಲ್ಲವೆಂದರೆ ಮತ್ತೇನು? ‘ಸದಸ್ಯತ್ವದ ಪದ್ಧತಿ’ ಎಂದರೆ ಸೇರಿಸಿಕೊಳ್ಳುವುದಷ್ಟೇ, ಸೇರಿದ ಮೇಲೆ ದುಭಾಷಿ ಒದಗಿಸುವುದು ಅದರಲ್ಲಿ ಬರುವುದಿಲ್ಲ ಎಂದು ವಕೀಲರು ವಾದಿಸಬಹುದು. ನನ್ನ ಮಟ್ಟಿಗೆ ಆ ವಾದ ನಿಲ್ಲುವುದಿಲ್ಲ. ಏನು ನಡೆಯುತ್ತಿದೆ ಎಂದು ತಿಳಿಯದ ಸಭೆಯಲ್ಲಿ ಕೂತವಳನ್ನು ಸದಸ್ಯೆ ಎನ್ನಲಾಗದು. ಅವಳು ಚಂದಾ ಕಟ್ಟುವ ಪ್ರೇಕ್ಷಕಿ.

ದುಡ್ಡಿನ ಪ್ರಶ್ನೆ ಸಣ್ಣದಲ್ಲ. ದುಭಾಷಿಯ ಕೆಲಸ ಮೈಮನಸ್ಸು ಎರಡನ್ನೂ ದಣಿಸುತ್ತದೆ. ದೀರ್ಘ ಕಾರ್ಯಕ್ರಮಗಳಿಗೆ ಇಬ್ಬರು ಬೇಕು. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಾರೆ. ವಾರಕ್ಕೊಂದು ಸಭೆ, ಅದರ ಮೇಲೆ ಸೇವಾ ಕಾರ್ಯಕ್ರಮ, ದೀಕ್ಷೆ, ಔತಣ. ಇದನ್ನೆಲ್ಲ ಐವತ್ತೋ ಅರವತ್ತೋ ಸದಸ್ಯರಿರುವ ಶಾಖೆಯ ಚಂದಾದಿಂದಲೇ ಭರಿಸಬೇಕು ಎಂದಾಗ ನಡೆಯುವುದು ಲೆಕ್ಕಾಚಾರ ಒಂದೇ ಅಲ್ಲ. ಖಜಾಂಚಿ ಬಜೆಟ್ ಓದುವಾಗ ಒಂದು ಸಾಲು ಒಬ್ಬಳೇ ಹುಡುಗಿಯ ಹೆಸರಿನಲ್ಲಿ ಬರುತ್ತದೆ. ‘ನಿನ್ನಿಂದಾಗಿ ಈ ವರ್ಷದ ಔತಣ ಚಿಕ್ಕದಾಯಿತು’ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಅವಳಿಗೆ ಗೊತ್ತಾಗುತ್ತದೆ. ಮುಂದಿನ ತಿಂಗಳು ‘ಈ ಸಭೆಗೆ ದುಭಾಷಿ ಬೇಡ ಬಿಡಿ, ನಾನು ಹೇಗೋ ಸಂಭಾಳಿಸುತ್ತೇನೆ’ ಎಂದು ತಾನೇ ಹೇಳಿಬಿಡುತ್ತಾಳೆ. ಗೆಳೆತನ ಉಳಿಸಿಕೊಳ್ಳಲು ಹಕ್ಕನ್ನು ಬಿಟ್ಟುಕೊಡುವಂತೆ ಮಾಡುವ ಈ ಏರ್ಪಾಡೇ ತಪ್ಪು. ಗೆಳೆಯರ ಜೇಬಿಗೂ ದುಭಾಷಿಯ ವೆಚ್ಚಕ್ಕೂ ಸಂಬಂಧ ಇರಲೇಬಾರದು. ಕ್ಯಾಂಪಸ್ಸಿನ ಎಲ್ಲ ವಿದ್ಯಾರ್ಥಿ ಸಂಘಗಳಿಗೂ ಸೇರಿ ವಿಶ್ವವಿದ್ಯಾಲಯದಲ್ಲಿ ಒಂದೇ ನಿಧಿ ಇದ್ದು, ಫ್ರಾಟರ್ನಿಟಿಗಳ ರಾಷ್ಟ್ರೀಯ ಕಚೇರಿಗಳು ಅದಕ್ಕೆ ತಮ್ಮ ಪಾಲು ಕೊಡಲಿ. ಗಾಲಿಕುರ್ಚಿಯವರಿಗಾಗಿ ಕಟ್ಟಿದ ಇಳಿಜಾರಿನ ವೆಚ್ಚವನ್ನು ಅದರ ಮೇಲೆ ಹೋಗುವವರ ಗೆಳೆಯರಿಂದ ಯಾರೂ ವಸೂಲು ಮಾಡುವುದಿಲ್ಲ.

‘ನಮ್ಮ ವಿಧಿಗಳು ಗುಟ್ಟು, ಹೊರಗಿನ ದುಭಾಷಿಯನ್ನು ಹೇಗೆ ಒಳಗೆ ಬಿಡುವುದು?’ ಎಂಬ ಆಕ್ಷೇಪವೂ ಇದೆ. ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿದ್ಧವಾಗಿದೆ. ಅಮೆರಿಕದ ದುಭಾಷಿಗಳಿಗೆ 1964ರಿಂದ ತಮ್ಮದೇ ವೃತ್ತಿ ಸಂಸ್ಥೆಯಿದೆ. ಅವರ ನೀತಿಸಂಹಿತೆಯ ಮೊದಲ ಅಂಶವೇ ಗೋಪ್ಯತೆ. ವೈದ್ಯರ ಕೋಣೆಯಲ್ಲಿ, ವಕೀಲರ ಎದುರಿನಲ್ಲಿ, ಮಾನಸಿಕ ಚಿಕಿತ್ಸೆಯ ಹೊತ್ತಿನಲ್ಲಿ ಕೇಳಿದ್ದನ್ನು ಹೊರಗೆ ಬಿಡದ ಜನ ಒಂದು ಕಾಲೇಜು ಸಂಘದ ಪ್ರತಿಜ್ಞಾವಿಧಿಯನ್ನು ಬೀದಿಗೆ ತರುವುದಿಲ್ಲ.

ವಿಧಿಗಳಲ್ಲಿರುವ ನಿಜವಾದ ತೊಡಕು ಕತ್ತಲೆಯದು. ಸೊರೊರಿಟಿಗಳಲ್ಲಿ ‘ಕ್ಯಾಂಡಲ್‌ಲೈಟ್’ ಎಂಬ ಪದ್ಧತಿಯಿದೆ. ಯಾರಿಗಾದರೂ ಮದುವೆ ನಿಶ್ಚಯವಾದರೆ ಎಲ್ಲರೂ ವೃತ್ತಾಕಾರವಾಗಿ ನಿಂತು, ದೀಪ ಆರಿಸಿ, ಹಾಡುತ್ತ ಒಂದು ಉರಿಯುವ ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರ ಸುದ್ದಿಯೋ ಅವಳು ಅದನ್ನು ಊದಿ ಆರಿಸುತ್ತಾಳೆ. ತುಂಬ ಚಂದದ ಆಚರಣೆ. ಆದರೆ ಕತ್ತಲಲ್ಲಿ ಸನ್ನೆ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ, ಹಾಡು ಕೇಳುವುದಿಲ್ಲ. ಮೂಲೆಯ ಒಂದು ದೀಪ ಉರಿಯಲು ಬಿಟ್ಟು, ಹಾಡಿನ ಸಾಲುಗಳನ್ನು ಮೊದಲೇ ಕೈಗೆ ಕೊಟ್ಟರೆ ಕೆಡುವುದು ಏನೂ ಇಲ್ಲ.

ಕತ್ತಲೆಯ ಮಾತು ಬಂದಾಗ ಹೇಜಿಂಗ್ ಬಗ್ಗೆಯೂ ಹೇಳಬೇಕು. ನಮ್ಮ ರ್‍ಯಾಗಿಂಗ್‌ನ ಅಣ್ಣ ಅದು. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾಟರ್ನಿಟಿಯೊಂದರಲ್ಲಿ ದೀಕ್ಷೆಯ ರಾತ್ರಿ ಮಿತಿಮೀರಿ ಕುಡಿಸಿದ್ದರಿಂದ ವಿದ್ಯಾರ್ಥಿಯೊಬ್ಬ ಬಿದ್ದು ಸತ್ತ. 2024ರ ಡಿಸೆಂಬರ್‌ನಲ್ಲಿ ಹೇಜಿಂಗ್ ವಿರುದ್ಧ ಅಮೆರಿಕದ ಕೇಂದ್ರ ಕಾನೂನೇ ಬಂತು. ಕಣ್ಣಿಗೆ ಬಟ್ಟೆ ಕಟ್ಟುವುದು ಈ ಆಟಗಳಲ್ಲಿ ಮಾಮೂಲು. ಕೇಳುವ ಹುಡುಗನಿಗೆ ಕಣ್ಣು ಕಟ್ಟಿದರೆ ಭಯವಾಗುತ್ತದೆ. ಕಿವುಡ ಹುಡುಗನಿಗೆ ಕಣ್ಣು ಕಟ್ಟಿದರೆ ಭಾಷೆಯೇ ಹೋಗುತ್ತದೆ: ಏನು ಮಾಡುತ್ತಿದ್ದಾರೆ ಎಂದು ತಿಳಿಯುವ ದಾರಿಯಿಲ್ಲ, ‘ಸಾಕು’ ಎಂದರೆ ನಿಲ್ಲಿಸಿದರೇ ಎಂದು ಗೊತ್ತಾಗುವ ದಾರಿಯೂ ಇಲ್ಲ. ಕೈ ಹಿಡಿದರೆ ಬಾಯಿ ಮುಚ್ಚಿದಂತೆ.

ಬೆಂಕಿಯದೂ ಒಂದು ಎಚ್ಚರಿಕೆ ಇದೆ. 1996ರ ಮೇ 12ರಂದು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಫ್ರಾಟರ್ನಿಟಿ ಮನೆಯೊಂದು ಹೊತ್ತಿ ಉರಿದು 5 ವಿದ್ಯಾರ್ಥಿಗಳು ತೀರಿಕೊಂಡರು. ಇಂಥ ಹಳೆಯ ಮನೆಗಳಲ್ಲಿ ಕಿವುಡ ಸದಸ್ಯ ಮಲಗುವ ಕೋಣೆಯಲ್ಲಿ ಮಿನುಗುವ ದೀಪದ ಅಲಾರಂ, ಹಾಸಿಗೆ ನಡುಗಿಸುವ ಸಾಧನ ಇರಲೇಬೇಕು. ಇದಕ್ಕೆ ಚರ್ಚೆಯೂ ಬೇಕಿಲ್ಲ, ಮತದಾನವೂ ಬೇಕಿಲ್ಲ.

ಇಷ್ಟು ತೊಡಕಿದ್ದರೆ ಕಿವುಡರು ತಮ್ಮದೇ ಸಂಘ ಕಟ್ಟಿಕೊಳ್ಳಬಾರದೇ? ಕಟ್ಟಿಕೊಂಡಿದ್ದಾರೆ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ. ವಾಷಿಂಗ್ಟನ್ ನಗರದ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಕಿವುಡರಿಗಾಗಿಯೇ ಇರುವುದು. ಪದವಿ ಕೊಡುವ ಅಧಿಕಾರವನ್ನು ಅದಕ್ಕೆ 1864ರಲ್ಲಿ ಸಹಿ ಹಾಕಿ ಕೊಟ್ಟವರು ಅಬ್ರಹಾಂ ಲಿಂಕನ್. ಅಲ್ಲಿಗೆ ಹೆಣ್ಣುಮಕ್ಕಳು ಬಂದದ್ದು 1887ರಲ್ಲಿ, ಪ್ರಯೋಗದ ಹೆಸರಿನಲ್ಲಿ. ಗಂಡಸರ ಸಾಹಿತ್ಯ ಸಂಘದ ಚರ್ಚೆಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಆಗ ಅಗಾಥಾ ಟೀಗೆಲ್ ಎಂಬ ವಿದ್ಯಾರ್ಥಿನಿ, ಏಳನೆಯ ವಯಸ್ಸಿನಲ್ಲಿ ಮೆದುಳು ಜ್ವರದಿಂದ ಕಿವಿಯನ್ನೂ ಒಂದು ಕಣ್ಣನ್ನೂ ಕಳೆದುಕೊಂಡವರು, ಜೊತೆಗಾತಿಯರನ್ನು ಸೇರಿಸಿ 1892ರಲ್ಲಿ ‘ಓ.ಡಬ್ಲ್ಯು.ಎಲ್.ಎಸ್.’ ಎಂಬ ಗುಪ್ತ ಸಂಘ ಕಟ್ಟಿದರು. ಅದೇ ಮುಂದೆ 1954ರಲ್ಲಿ ಫೈ ಕಪ್ಪ ಜೀಟಾ ಸೊರೊರಿಟಿ ಆಯಿತು. ಟೀಗೆಲ್ 1893ರಲ್ಲಿ ಅಲ್ಲಿ ಬಿ.ಎ. ಪದವಿ ಪಡೆದ ಮೊದಲ ಮಹಿಳೆ. ಆ ದಿನದ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ ಹೆಣ್ಣಿನ ಬುದ್ಧಿಶಕ್ತಿ. ಹೆಣ್ಣೆಂದು ಕಿವುಡರ ನಡುವೆ, ಕಿವುಡಿಯೆಂದು ಕೇಳುವವರ ನಡುವೆ ಎರಡು ಸಲ ಹೊರಗುಳಿದ ಹುಡುಗಿಯರು ಬಾಗಿಲು ಹಾಕಿಕೊಂಡು ಚರ್ಚೆ ಮಾಡಲು ಒಂದು ಕೋಣೆ ಬಯಸಿದ್ದರಲ್ಲಿ ನನಗೆ ಅಚ್ಚರಿ ಕಾಣುವುದಿಲ್ಲ.

ಆ ಕಾಲವನ್ನೂ ನೆನಪಿಡಬೇಕು. 1880ರ ಮಿಲಾನ್ ಸಮ್ಮೇಳನ ಕಿವುಡರ ಶಾಲೆಗಳಿಂದ ಸನ್ನೆಯನ್ನು ಓಡಿಸಿ ಬಾಯಿಮಾತನ್ನೇ ಕಲಿಸಬೇಕೆಂದು ಠರಾವು ಮಾಡಿತ್ತು. ಅಮೆರಿಕದ ಶಾಲೆಗಳೂ ಒಂದೊಂದಾಗಿ ಆ ಹಾದಿ ಹಿಡಿದವು. ಗ್ಯಾಲೊಡೆಟ್ ಸನ್ನೆಯನ್ನು ಬಿಡಲಿಲ್ಲ. 1901ರಲ್ಲಿ ಅಲ್ಲಿ ಕಪ್ಪ ಗಾಮಾ ಫ್ರಾಟರ್ನಿಟಿ ಹುಟ್ಟಿತು. ಅದೇ ವರ್ಷ ಮಿಶಿಗನ್ನಿನ ಫ್ಲಿಂಟ್ ಊರಿನಲ್ಲಿ ಕಿವುಡ ಯುವಕರು ಮತ್ತೊಂದು ಸಹೋದರ ಸಂಘ ಕಟ್ಟಿದರು. ಜೀವವಿಮಾ ಕಂಪನಿಗಳು ಕಿವುಡರಿಗೆ ಪಾಲಿಸಿ ಕೊಡದ ಕಾಲದಲ್ಲಿ ತಮಗೆ ತಾವೇ ವಿಮೆ ಮಾಡಿಕೊಳ್ಳಲು ಹುಟ್ಟಿದ ಸಂಘ ಅದು. ಭಾಷಾಶಾಸ್ತ್ರಜ್ಞ ವಿಲಿಯಂ ಸ್ಟೋಕಿ ಗ್ಯಾಲೊಡೆಟ್‌ನಲ್ಲೇ ಕೂತು ಸನ್ನೆಗೂ ಸ್ವಂತ ವ್ಯಾಕರಣವಿದೆ, ಅದು ಪೂರ್ಣ ಭಾಷೆ ಎಂದು ತೋರಿಸಿದ್ದು 1960ರಲ್ಲಿ. ಅಲ್ಲಿಯವರೆಗೆ ಪಂಡಿತರು ಒಪ್ಪದ ಭಾಷೆಯಲ್ಲಿ ಪ್ರತಿಜ್ಞೆ, ಕವಿತೆ, ಜಗಳ, ತಮಾಷೆ ಎಲ್ಲವನ್ನೂ ನಡೆಸಿ ಅದನ್ನು ಹಿರಿಯರಿಂದ ಕಿರಿಯರಿಗೆ ದಾಟಿಸಿದ ತಾಣಗಳಲ್ಲಿ ಈ ಸಂಘಗಳೂ ಸೇರಿವೆ. ಮನೆಯಲ್ಲಿ ಯಾರೂ ಸನ್ನೆ ಆಡದ ಹುಡುಗನೊಬ್ಬನಿಗೆ ‘ಅಣ್ಣ’ ಎಂಬ ಪದಕ್ಕೆ ಮೊದಲ ಸಲ ಅರ್ಥ ಬಂದದ್ದು ಅಲ್ಲೇ ಇದ್ದೀತು.

ಆದರೆ ಹೊರಗುಳಿದವರು ಕಟ್ಟಿದ ಮನೆ ಎಂದ ಮಾತ್ರಕ್ಕೆ ಅದು ಎಲ್ಲರಿಗೂ ತೆರೆದಿರುವುದಿಲ್ಲ. ಗ್ಯಾಲೊಡೆಟ್‌ನಿಂದ ಮೊದಲ ಕಪ್ಪು ವಿದ್ಯಾರ್ಥಿ ಆಂಡ್ರ್ಯೂ ಫಾಸ್ಟರ್ ಪದವಿ ಪಡೆದದ್ದೇ 1954ರಲ್ಲಿ. ಅವರು ಮುಂದೆ ಆಫ್ರಿಕಾದ ದೇಶದೇಶಗಳಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದರು. 2020ರ ಜೂನ್‌ನಲ್ಲಿ ಕಪ್ಪ ಗಾಮಾದ ಸದಸ್ಯರು ನಾಜಿ ಶೈಲಿಯಲ್ಲಿ ಕೈ ಚಾಚಿ ನಿಂತ ಹಳೆಯ ಫೋಟೊ ಮತ್ತೆ ಹೊರಬಂದು, ವಿಶ್ವವಿದ್ಯಾಲಯ ಆ ಫ್ರಾಟರ್ನಿಟಿಯನ್ನು ಅಮಾನತು ಮಾಡಿತು. ತಮ್ಮ ಭಾಷೆಯನ್ನು ಕಾಪಾಡಿಕೊಂಡ ಅದೇ ಜನ ಇನ್ನೊಬ್ಬರ ನೋವಿಗೆ ಕುರುಡಾಗಿದ್ದರು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಅಮೆರಿಕದಲ್ಲಿ ತಮ್ಮದೇ ಮನೆ ಕಟ್ಟಿಕೊಂಡವರು ಕಿವುಡರಷ್ಟೇ ಅಲ್ಲ. ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ನಮ್ಮ ಕಡೆಯಿಂದ ಹೋದವರ ಮಕ್ಕಳು 1990ರ ದಶಕದಲ್ಲಿ ದಕ್ಷಿಣ ಏಷ್ಯಾದವರ ಸಂಘಗಳನ್ನು ಕಟ್ಟಿದರು; ಹ್ಯೂಸ್ಟನ್‌ನಲ್ಲಿ 1998ರಲ್ಲಿ ಹುಟ್ಟಿದ ಡೆಲ್ಟಾ ಫೈ ಒಮೇಗಾ ಅಂಥದ್ದು. ಮಗಳು ಅಲ್ಲಿ ‘ಸೊರೊರಿಟಿ ಸೇರಿದೆ’ ಎಂದಾಗ ತಬ್ಬಿಬ್ಬಾಗುವ ಕನ್ನಡಿಗ ತಂದೆತಾಯಿಗೆ ಈ ಲೋಕ ಅಷ್ಟೇನೂ ದೂರದ್ದಲ್ಲ. ಆ ಮಗಳಿಗೆ ಕಿವಿ ಕೇಳದಿದ್ದರೆ ಅವಳ ಮುಂದೆ ಎರಡು ಬಾಗಿಲು: ತನ್ನಂತೆ ಕಾಣುವವರ ಮನೆ, ತನ್ನಂತೆ ಮಾತಾಡುವವರ ಮನೆ. ಎರಡೂ ಒಂದೇ ಆಗಿರುವುದು ಅಪರೂಪ.

ಮತ್ತೊಂದು ವಿಷಯ. ಕಿವುಡರ ಸಂಘ ಇರಬೇಕಾದರೆ ಕಿವುಡರ ಗುಂಪು ಇರಬೇಕು. ಗ್ಯಾಲೊಡೆಟ್ ಬಿಟ್ಟರೆ ಅಂಥ ದೊಡ್ಡ ಗುಂಪಿರುವುದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ. 1965ರ ಕಾನೂನಿನಿಂದ ಹುಟ್ಟಿದ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಅಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯದ ಒಳಗೇ ಇದೆ. ಸಾವಿರದಷ್ಟು ಕಿವುಡ ವಿದ್ಯಾರ್ಥಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವ ಕೇಳುವವರ ಜೊತೆ ಓದುತ್ತಾರೆ, ಕಿವುಡರದೇ ಫ್ರಾಟರ್ನಿಟಿ, ಸೊರೊರಿಟಿಗಳೂ ಅಲ್ಲಿವೆ. ಉಳಿದ ಕಡೆ ಚಿತ್ರ ಬೇರೆ. 1975ರ ವಿಶೇಷ ಶಿಕ್ಷಣ ಕಾಯ್ದೆಯ ನಂತರ ಹೆಚ್ಚಿನ ಕಿವುಡ ಮಕ್ಕಳು ಊರಿನ ಸಾಮಾನ್ಯ ಶಾಲೆಗಳಲ್ಲೇ ಓದುತ್ತಾರೆ, ಎಷ್ಟೋ ಸಲ ಇಡೀ ಶಾಲೆಗೆ ಒಬ್ಬರೇ. ಅಂಥವರು ಮೂವತ್ತು ಸಾವಿರ ವಿದ್ಯಾರ್ಥಿಗಳ ಕ್ಯಾಂಪಸ್ಸಿಗೆ ಬಂದಾಗ ಅಲ್ಲಿ ಕಿವುಡರ ಮನೆ ಇರುವುದಿಲ್ಲ. ಕೇಳುವವರ ಮನೆಯೇ ಅವರಿಗೆ ಇರುವ ಮನೆ. ‘ನಿಮ್ಮವರದೇ ಸಂಘಗಳಿವೆಯಲ್ಲ’ ಎಂಬ ಮಾತು ಅವರಿಗೆ ಉತ್ತರವಾಗದು.

ಕಿವುಡರಿಗಾಗಿ ಹಣ ಎತ್ತುವ ಸೊರೊರಿಟಿಗಳೂ ಇವೆ. 1902ರಲ್ಲಿ ಹುಟ್ಟಿದ ಡೆಲ್ಟಾ ಜೀಟಾ 1954ರಿಂದ ವಾಕ್ ಮತ್ತು ಶ್ರವಣದ ಕೆಲಸವನ್ನು ತನ್ನ ಸೇವಾಕ್ಷೇತ್ರವಾಗಿ ಇಟ್ಟುಕೊಂಡಿದೆ, ಗ್ಯಾಲೊಡೆಟ್‌ಗೂ ನೆರವಾಗಿದೆ. ಈ ಕೆಲಸ ದೊಡ್ಡದು, ನಿಜ. ಆದರೂ ನೆರವು ಪಡೆಯುವವರು ದೂರದಲ್ಲಿರುತ್ತಾರೆ, ಕೊಡುವವರು ಮನೆಯಲ್ಲಿರುತ್ತಾರೆ. ಯಾವುದೇ ಸೊರೊರಿಟಿಯ ಶಾಖೆಯನ್ನು ಅಳೆಯುವಾಗ ಎಷ್ಟು ಡಾಲರ್ ಎತ್ತಿತು ಎಂಬುದರ ಪಕ್ಕದಲ್ಲೇ ಅದರ ಕಾರ್ಯಕ್ರಮದ ವಿಡಿಯೊಗಳಿಗೆ ಕ್ಯಾಪ್ಶನ್ ಇತ್ತೇ, ಆಯ್ಕೆಯ ವಾರದ ಅರ್ಜಿಯಲ್ಲಿ ‘ನಿಮಗೆ ದುಭಾಷಿ ಬೇಕೇ’ ಎಂಬ ಕಲಂ ಇತ್ತೇ ಎಂದೂ ಕೇಳಬೇಕು. ಕೊರೊನಾ ಕಾಲದಲ್ಲಿ ಆಯ್ಕೆಯ ಮೊದಲ ಸುತ್ತು ಕಂಪ್ಯೂಟರ್ ಪರದೆಗೆ ಬಂದಾಗ ಒಬ್ಬೊಬ್ಬರ ಮುಖ ಎದುರಿಗೇ ಕಂಡು ಕೆಳಗೆ ಕ್ಯಾಪ್ಶನ್ ಹರಿಯುವ ಸಾಧ್ಯತೆ ಎಲ್ಲರಿಗೂ ಸಿಕ್ಕಿತು. ಅದನ್ನು ಕಿವುಡರಿಗಾಗಿ ಯಾರೂ ಮಾಡಿದ್ದಲ್ಲ. ಬೇಕೆನಿಸಿದಾಗ ಪದ್ಧತಿಯನ್ನು ಒಂದೇ ಬೇಸಿಗೆಯಲ್ಲಿ ಬದಲಿಸಬಹುದೆಂದು ಮಾತ್ರ ತೋರಿತು.

ಇನ್ನೊಂದು ಕಡೆ ದೊಡ್ಡ ಅವಕಾಶವೊಂದು ಬಳಕೆಯಾಗದೆ ಬಿದ್ದಿದೆ. ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಯುವವರ ಲೆಕ್ಕ ತೆಗೆದರೆ ಸ್ಪ್ಯಾನಿಷ್, ಫ್ರೆಂಚ್ ಆದ ಮೇಲೆ ಮೂರನೆಯ ಸ್ಥಾನದಲ್ಲಿರುವುದು ಅಮೆರಿಕನ್ ಸನ್ನೆ ಭಾಷೆ. 2016ರ ಗಣತಿಯಲ್ಲಿ 1 ಲಕ್ಷಕ್ಕೂ ಹೆಚ್ಚು ನೋಂದಣಿ. ಈ ಲಕ್ಷದಲ್ಲಿ ಸೊರೊರಿಟಿ, ಫ್ರಾಟರ್ನಿಟಿಯ ಮಕ್ಕಳು ಇಲ್ಲದೇ ಇರುತ್ತಾರೆಯೇ? ಪರೀಕ್ಷೆಗೆಂದು ಕಲಿತದ್ದನ್ನು ಆಡಲು ಅವರಿಗೂ ಜೊತೆ ಬೇಕು. ಮನೆಯಲ್ಲಿ ನಾಲ್ಕೈದು ಮಂದಿ ಸನ್ನೆ ಬಲ್ಲವರಿದ್ದರೆ ಹಿತ್ತಲಿನ ಹರಟೆ, ಕಾರಿನ ಪಯಣ, ರಾತ್ರಿ ಅಡುಗೆಮನೆಯ ಮಾತು ತೆರೆದುಕೊಳ್ಳುತ್ತವೆ. ಯಾವ ಕಾಯ್ದೆಯೂ ಅಲ್ಲಿಗೆ ದುಭಾಷಿಯನ್ನು ಕಳಿಸಲಾರದು.

ಒಂದು ಎಚ್ಚರವಿರಲಿ. ಎರಡು ಸೆಮಿಸ್ಟರ್ ಸನ್ನೆ ಕಲಿತ ಗೆಳತಿಯನ್ನು ‘ಇವಳಿದ್ದಾಳಲ್ಲ’ ಎಂದು ಸಭೆಯ ದುಭಾಷಿಯಾಗಿ ನಿಲ್ಲಿಸುವ ಶಾಖೆಗಳು ಇಬ್ಬರಿಗೂ ಅನ್ಯಾಯ ಮಾಡುತ್ತವೆ. ಅರ್ಧ ಮಾತು ತಪ್ಪಿಹೋಗುತ್ತದೆ. ಆ ಗೆಳತಿ ಕೈಯಾಡಿಸುತ್ತಲೇ ಇರುವಾಗ ತನ್ನ ಅಭಿಪ್ರಾಯ ಹೇಳುವುದು, ಜಗಳ ಆಡುವುದು, ಮತ ಹಾಕುವುದು ಯಾವಾಗ? ಸಭೆಗೆ ವೃತ್ತಿಪರ ದುಭಾಷಿ ಬರಲಿ, ಬಿಲ್ಲು ವಿಶ್ವವಿದ್ಯಾಲಯದ ನಿಧಿಗೆ ಹೋಗಲಿ. ಸಭೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಯಾರೋ ಹೇಳಿದ ಮಾತಿಗೆ ಮೇಜಿನ ಸುತ್ತ ನಗು ಎದ್ದಾಗ, ಆ ಗೆಳತಿ ಚಮಚ ಕೆಳಗಿಟ್ಟು ತನಗೆ ಬರುವ ಅರೆಬರೆ ಸನ್ನೆಯಲ್ಲೇ ಏನಾಯಿತೆಂದು ಆಗಲೇ ಹೇಳಲಿ.